ಸೀರೆಯೂ ಉಡದೆ, ದೇವರೂ ಬಾರದೆ

ಸರ್ಕಾರಿ ನೌಕರರು ಅರವತ್ತಕ್ಕೆ ನಿವೃತ್ತರಾಗುತ್ತಾರೆ. ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಬದುಕಿರುವಾಗಲೇ ಸತ್ತವರನ್ನು ಹೊಗಳಿದ ಹಾಗೆ ಹೊಗಳಿ ಕಳಿಸುತ್ತಾರೆ. ನಾನು ಮೂವತ್ತು ತುಂಬುವ ಮೊದಲೇ ನಿವೃತ್ತನಾದೆ. ನನ್ನನ್ನು ಬೀಳ್ಕೊಟ್ಟದ್ದು ನನ್ನದೇ ಬಲ ಮಂಡಿ. ಒಂದು ದಿನ ಕೂತಲ್ಲಿಂದ ಏಳಲು ಹೋದಾಗ ಅದು ಹುರಿಗಡಲೆ ಅಗಿದ ಹಾಗೆ ಸದ್ದು ಮಾಡಿತು. ಮೂಳೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, "ಏನ್ ಕೆಲಸ ಮಾಡ್ತಿದ್ರಿ?" ಎಂದರು.

"ಡ್ಯಾನ್ಸ್ ಮಾಡ್ತಿದ್ದೆ ಸಾರ್."

"ಅದಿರಲಿ, ಕೆಲಸ ಏನು?"

ನನ್ನ ಬೀಳ್ಕೊಡುಗೆ ಸಮಾರಂಭ ಅಷ್ಟೇ.

ಈಗ ಶ್ರೀರಂಗಪಟ್ಟಣದಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ಶಾಮಿಯಾನದ ಕೆಳಗೆ ಕುಣಿಯುತ್ತಿದ್ದವನು ಈಗ ಅದರ ಗೂಟ ಹೊಡೆಯುತ್ತೇನೆ. ಅಂಗಡಿಗೆ ಆಗಾಗ ಹುಡುಗರು ಬರುತ್ತಾರೆ. ಕುರ್ಚಿಯ ಬಾಡಿಗೆ ಕೇಳುತ್ತಾರೆ. ಆಮೇಲೆ ಅತ್ತಿತ್ತ ನೋಡಿ, "ಅಣ್ಣ, ನೀವು ಅದೇನೋ ಹೊಸ ಥರ ಡ್ಯಾನ್ಸು ಮಾಡ್ತಿದ್ರಂತೆ, ನಮ್ಗೂ ಕಲೀಬೇಕು" ಅನ್ನುತ್ತಾರೆ. ಕೆಲವರಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಅದನ್ನು ಕೇಳುವುದಿಲ್ಲ. ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತಾ ಕೂರುತ್ತಾರೆ. ನನ್ನ ಕುರ್ಚಿಗಳು ಹಾಳಾಗುತ್ತಿರುವುದರಿಂದ ಎಲ್ಲರಿಗೂ ಸೇರಿಸಿ ಒಂದೇ ಸಲ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಗಂಡಸು ಕುಣಿಯುವುದೇನು" ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನಮ್ಮ ಸೀಮೆಯಲ್ಲಿ ಗಂಡಸರು ಕುಣಿದಷ್ಟು ಬೇರೆ ಯಾರೂ ಕುಣಿದಿಲ್ಲ. ನಾನು ಪಾಂಡವಪುರದ ಪಕ್ಕದ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಪೂಜೆ ಹೊತ್ತವನು. ಪೂಜೆ ಅಂದರೆ ನಿಮಗೆ ಗೊತ್ತಲ್ಲ, ಬಿದಿರಿನ ಚೌಕಟ್ಟಿಗೆ ಊರ ದೇವತೆ ಅಮ್ಮನ ಮುಖ ಕಟ್ಟಿ ಸೀರೆ ಉಡಿಸಿ ತಲೆಯ ಮೇಲೆ ಇಡುತ್ತಾರೆ. ಕೈಯಲ್ಲಿ ಮುಟ್ಟುವ ಹಾಗಿಲ್ಲ. ತಮಟೆಗೆ ಕುಣಿಯಬೇಕು, ಅಮ್ಮ ಅಲುಗಬಾರದು. ಸೊಂಟ ಎಷ್ಟು ತಿರುಗಿಸಿದರೂ ಊರವರು, "ಎಂಥಾ ಗಂಡ್ಲಾ ಇವ್ನು" ಅನ್ನುತ್ತಿದ್ದರು. ಅದೇ ಸೊಂಟವನ್ನು ತಲೆಯ ಮೇಲೆ ಪೂಜೆಯಿಲ್ಲದೆ ತಿರುಗಿಸಿದೆ ನೋಡಿ, ಅದೇ ಊರವರು ಬೇರೆ ಏನೋ ಅಂದರು. ಸೊಂಟ ಅದೇ, ತಿರುಗಿದ್ದೂ ಅಷ್ಟೇ. ವ್ಯತ್ಯಾಸ ತಲೆಯ ಮೇಲಿನ ಬಿದಿರು ಮಾತ್ರ.

ನನ್ನನ್ನು ಈ ಕೆಲಸಕ್ಕೆ ಸೇರಿಸಿಕೊಂಡವರು ಟೀಚರಮ್ಮ. ದೂರದ ಊರುಗಳಲ್ಲಿ ಕಾಂಟೆಂಪರರಿ ಡ್ಯಾನ್ಸ್ ಕಲಿತು, ತಾಯಿಯನ್ನು ನೋಡಿಕೊಳ್ಳಲು ಶ್ರೀರಂಗಪಟ್ಟಣಕ್ಕೆ ವಾಪಸು ಬಂದಿದ್ದರು. ತುಂಡು ಕೂದಲು, ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಇವರ ಕೈಕೆಳಗೆ ಕಲಿತರೆ ಸಿನಿಮಾದಲ್ಲಿ ಹೀರೋ ಹಿಂದೆ ಕುಣಿಯಬಹುದು ಅಂತ ಯಾರೋ ಹೇಳಿದ್ದನ್ನು ನಂಬಿ ನಾನು ಹೋದೆ. ಎಣ್ಣೆ ಹಚ್ಚಿ ಮೀಸೆ ತಿರುವಿಕೊಂಡು, ಹೊಳೆಯುವ ಅಂಗಿ ತೊಟ್ಟು ಹೋದೆ. ಮೊದಲನೇ ದಿನವೇ ಅವರು, "ಮಲಗು" ಎಂದರು.

"ಎಲ್ಲಿ ಟೀಚರಮ್ಮ?"

"ನೆಲದ ಮೇಲೆ. ಮಲಗಿ ಉಸಿರಾಡು. ನೆಲ ನಿನ್ನ ಹೊತ್ಕೊಂಡಿದೆ ಅನ್ನೋದನ್ನ ಮೈಗೆ ತಿಳಿಸು."

ನಾನು ತಿಳಿಸಿದೆ. ಮೈಗೆ ಎಷ್ಟು ಚೆನ್ನಾಗಿ ತಿಳಿಯಿತೆಂದರೆ ಗೊರಕೆ ಹೊಡೆಯಿತು. ಎಚ್ಚರವಾದಾಗ ಪಾಠ ಮುಗಿದು ಬಾಗಿಲು ಹಾಕುತ್ತಿದ್ದರು. ಬೈಯುತ್ತಾರೆಂದುಕೊಂಡೆ. ಅವರು, "ಬಂದೋರಲ್ಲಿ ನಿಜವಾಗಿ ಭಾರ ಬಿಟ್ಟೋನು ನೀನೊಬ್ಬನೇ. ನಾಳೆ ಎದ್ದಿದ್ದಾಗಲೂ ಬಿಡು, ನೋಡೋಣ" ಎಂದರು. ಎದ್ದಿದ್ದಾಗ ಭಾರ ಬಿಡುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಪಾಠ ನಡೆಯುತ್ತಿದ್ದದ್ದು ಊರಾಚೆಯ ಹಳೆಯ ಆಲೆಮನೆಯಲ್ಲಿ. ಗಾಣ ನಿಂತುಹೋಗಿತ್ತು, ಬಾಡಿಗೆ ಕಡಿಮೆ, ಜಾಗ ದೊಡ್ಡದು. ಆದರೆ ನೆಲದಲ್ಲಿ ಬೆಲ್ಲದ ಪಾಕ ಎಷ್ಟೋ ವರ್ಷದಿಂದ ಇಳಿದು ಕೂತಿತ್ತು. ನಾವು ನೆಲದ ಮೇಲೆ ಹೊರಳಬೇಕು, ಬೆವರಬೇಕು. ಬೆವರಿಗೆ ಬೆಲ್ಲ ಕರಗುತ್ತಿತ್ತು, ಬೆಲ್ಲಕ್ಕೆ ಇರುವೆ ಬರುತ್ತಿತ್ತು. ಒಂದು ದಿನ ನಾನು ಗಾಳಿಗೆ ಹಾರಿ, ಎರಡು ಸುತ್ತು ಸುತ್ತಿ, ಕಿರುಚಿ, ಚಡ್ಡಿಯೊಳಗೆ ಕೈ ಹಾಕಿಕೊಂಡು ಬಾಗಿಲಾಚೆ ಓಡಿದೆ. ಟೀಚರಮ್ಮ ಹೊರಗೆ ಬಂದು, "ಕಿರುಚೋದು ಬೇಡ, ಮಿಕ್ಕಿದ್ದನ್ನ ಹಾಗೇ ಇಟ್ಕೋ" ಎಂದರು. ಆ ಹಾರಾಟ ನಮ್ಮ ಮೊದಲ ಪ್ರದರ್ಶನದಲ್ಲಿ ಇತ್ತು. ಬಹಳ ಆಳವಾದ ಅರ್ಥವಿದೆ ಎಂದು ಒಬ್ಬ ಲೆಕ್ಚರರು ಹೇಳಿದರು. ಅರ್ಥ ಇನ್ನೂ ಸ್ವಲ್ಪ ಕೆಂಪಗೆ ಊದಿಕೊಂಡಿತ್ತು.

ಮನೆಯಲ್ಲಿ ಆಲೆಮನೆ ಕೆಲಸ ಅಂತಲೇ ಹೇಳಿದ್ದೆ. ಬಟ್ಟೆಗೆ ಬೆಲ್ಲ ಅಂಟಿರುತ್ತಿತ್ತು, ಅವ್ವ ನಂಬಿದ್ದಳು. ಅಪ್ಪ ಮಾತ್ರ ಒಂದು ದಿನ ಹಸುವಿಗೆ ಹುಲ್ಲು ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದ.

"ಕಬ್ಬು ಕಡ್ದು ಮೂರ್ ತಿಂಗ್ಳಾಯ್ತು. ಯಾವ ಆಲೆಮನೇಲಿ ಏನ್ಲಾ ಅರೀತಿದ್ದೀಯ?"

"ಮೈನೇ ಅರೀತಿವ್ನಿ ಕನಪ್ಪ. ಡ್ಯಾನ್ಸು."

"ಪೂಜೆ ಕುಣಿತವಾ?"

"ಪೂಜೆ ಇಲ್ದಲೆ."

ಅಪ್ಪ ಹುಲ್ಲಿನ ಹೊರೆ ಕೊಡವಿದ. "ಪೂಜೆ ಇಲ್ದಲೆ ಯಾಕ್ಲಾ ಕುಣೀಬೇಕು?" ಎಂದ. ಬೈಗುಳವಲ್ಲ, ನಿಜವಾಗಿಯೂ ಕೇಳಿದ್ದ. ಉತ್ತರ ಮುಂದಿನ ವರ್ಷ ಕಿಕ್ಕೇರಿ ಕಡೆಯ ಬಸ್ಸಿನಲ್ಲಿ ಬಂದಿಳಿಯಿತು.

ಅವನ ಹೆಸರು ಶಿವನಂಜ. ಕೆ.ಆರ್. ಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಕಬಡ್ಡಿ ಆಡುತ್ತಿದ್ದ. ನನಗಿಂತ ಒಂದು ಗೇಣು ಕುಳ್ಳ, ನನ್ನ ಅರ್ಧ ಅಗಲ, ಮೀಸೆಯೂ ಇಲ್ಲ. ನಾನು ಅವನನ್ನು ನೋಡಿ, "ಟೀಚರಮ್ಮ, ಈ ಮೊಗೀಗೆ ಏನ್ ಕೆಲ್ಸ ಕೊಡ್ತೀರಿ" ಎಂದು ನಕ್ಕೆ. ಆ ಮೊಗ ನನ್ನ ಸೊಂಟಕ್ಕೆ ಕೈ ಹಾಕಿ, ಅಕ್ಕಿ ಮೂಟೆಯ ಹಾಗೆ ಹೆಗಲಿಗೆ ಎತ್ತಿಕೊಂಡು, ಆಲೆಮನೆ ಪೂರ್ತಿ ಒಂದು ಸುತ್ತು ಹಾಕಿ, ಎತ್ತಿದಲ್ಲೇ ಇಳಿಸಿ, "ನಿನ್ನ ಹೊರೋ ಕೆಲ್ಸ ಕನಣ್ಣ" ಎಂದಿತು.

ಟೀಚರಮ್ಮ ಅವತ್ತೇ ತೀರ್ಮಾನಿಸಿದರು. ನಾವಿಬ್ಬರು ಒಂದು ಕುಣಿತ ಮಾಡಬೇಕು. ಒಬ್ಬ ಇನ್ನೊಬ್ಬನಿಗೆ ಭಾರ ಕೊಡಬೇಕು, ಇನ್ನೊಬ್ಬ ತೆಗೆದುಕೊಳ್ಳಬೇಕು, ಅಷ್ಟೇ. ಕಥೆಯಿಲ್ಲ, ರಾಜ ರಾಣಿ ಇಲ್ಲ. ಕೊನೆಯಲ್ಲಿ ನಾನು ಓಡಿಬಂದು ನಂಜನ ಮೇಲೆ ಬೀಳಬೇಕು. ಅವನು ನನ್ನನ್ನು ಎತ್ತಿಕೊಂಡು, ಎದೆಗೆ ಒರಗಿಸಿಕೊಂಡು, ನಿಧಾನವಾಗಿ ನಡೆಯಬೇಕು.

ಬೇರೆಯವರನ್ನು ಎತ್ತುವುದಕ್ಕೆ ನಾನು ಯಾವಾಗಲೂ ತಯಾರು. ನಮ್ಮ ಕಡೆ ಗಂಡಸನ್ನು ಬೆಳೆಸುವುದೇ ಎತ್ತಲಿಕ್ಕೆ. ಮೂಟೆ, ಗುಂಡು, ಪೂಜೆ, ಹೆಣ, ಯಾವುದಾದರೂ ಎತ್ತು. ಎತ್ತಿಸಿಕೊಳ್ಳುವುದನ್ನು ಯಾರೂ ಕಲಿಸುವುದಿಲ್ಲ. ಗಂಡಸನ್ನು ಇನ್ನೊಬ್ಬ ಗಂಡಸು ಎತ್ತುವುದು ಒಂದೇ ಸಲ, ಅದಕ್ಕೂ ನಾಲ್ಕು ಜನ ಬೇಕು, ಮುಂದೆ ಮಡಕೆ ಹಿಡಿದವನು ಬೇರೆ. ಹೀಗಾಗಿ ನಂಜ ಎತ್ತಿದ ಕ್ಷಣವೇ ನಾನು ತೊಲೆಯ ಹಾಗೆ ಸೆಟೆದುಕೊಳ್ಳುತ್ತಿದ್ದೆ. ತೊಲೆಯನ್ನು ಹೊತ್ತವನು ತಿರುಗಿದರೆ ಏನಾಗುತ್ತದೆ? ನನ್ನ ಕಾಲು ಟೀಚರಮ್ಮನ ಟೇಪ್‌ರೆಕಾರ್ಡರಿಗೆ ಬಡಿದು ಅದು ಹಾರಿತು. ಇನ್ನೊಮ್ಮೆ ಇಬ್ಬರೂ ಪಾಕ ಸುರಿಯುವ ತೊಟ್ಟಿಗೆ ಬಿದ್ದೆವು.

ತೊಟ್ಟಿಯಲ್ಲಿ ಮಲಗಿದ್ದಂತೆಯೇ ನಂಜ ಕೇಳಿದ. "ಯಾಕ್ಲಾ ಅಂಗೆ ಸೆಟ್ಕೋತೀಯ? ಬೀಳುಸ್ಬುಡ್ತೀನಿ ಅಂತಲಾ?"

"ಬೀಳುಸ್ನಿಲ್ವಾ ಈಗ?"

"ನೀನು ಸೆಟ್ಕಂಡಿದ್ಕೆ ಬಿದ್ದಿದ್ದು. ಬೀಳುಸ್ತೀನಿ ಅಂತಲ್ಲ ನಿಂಗೆ ಭಯ. ಬೀಳುಸ್ದೆ ಇದ್ಬುಟ್ರೆ ಅಂತ ಭಯ."

ಅವನು ಹೇಳಿದ್ದು ನಿಜ. ಅವನು ಎತ್ತಿದಾಗ ನನಗೆ ಇಳಿಯಲು ಮನಸ್ಸಾಗುತ್ತಿರಲಿಲ್ಲ. ಅದು ಕುಣಿತದ ಮಾತಷ್ಟೇ ಆಗಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ನಮ್ಮ ಕಡೆ ಹಸುವಿನ ಕೊಂಬು ಹೇಗೆ ಬಾಗಿದರೂ ಅದಕ್ಕೊಂದು ಹೆಸರಿದೆ. ನಮ್ಮಂಥವರಿಗೆ ಇದ್ದದ್ದು ಬೈಗುಳ ಮಾತ್ರ. ಹಾಗಾಗಿ ನಾವು ಹೆಸರಿಡಲಿಲ್ಲ. ತೊಟ್ಟಿಯಿಂದ ಎದ್ದು ಬೆಲ್ಲ ಒರೆಸಿಕೊಂಡೆವು. ಮಾರನೇ ದಿನ ನಾನು ಓಡಿಬಂದು ಬಿದ್ದೆ, ಸೆಟೆಯಲಿಲ್ಲ. ನಂಜ ನನ್ನನ್ನು ಹೊತ್ತು ಗೋಡೆಯಿಂದ ಗೋಡೆಗೆ ನಡೆದ. ಟೀಚರಮ್ಮ ಹೊರಗೆ ಹೋಗಿ ಟೀ ತಂದರು. ಅವರು ಕುಡಿಸಿದ ಟೀ ಅದೊಂದೇ.

ಆ ಕುಣಿತದ ಮೊದಲ ಪ್ರದರ್ಶನ ಪಾಂಡವಪುರದಲ್ಲಿ. ಹೊಲದ ಕೆಲಸ ಮುಗಿಸಿ ಬಂದವರು ತುಂಬಿದ್ದರು. ನಂಜ ನನ್ನನ್ನು ಎತ್ತಿದ, ನಾನು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದೆ. ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಕೈಮುಗಿದುಕೊಂಡು ಸ್ಟೇಜಿನ ಹತ್ತಿರಕ್ಕೇ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ. ನನ್ನ ಮೈಮೇಲೆ ದೇವರು ಬಂದಿದೆ ಎಂದು ತಿಳಿದುಬಿಟ್ಟಿದ್ದರು. ಅವರ ತಪ್ಪಲ್ಲ. ಗಂಡಸು ತನ್ನ ಮೈಯನ್ನು ಇಷ್ಟು ಸಡಿಲ ಬಿಟ್ಟದ್ದನ್ನು ಅವರು ನೋಡಿದ್ದು ದೇವರು ಬಂದಾಗ ಮಾತ್ರ.

"ಅಪ್ಪ, ನಮ್ ಎಮ್ಮೆ ಮೊನ್ನೆಯಿಂದ ಬಂದಿಲ್ಲ ಕನಪ್ಪ. ಯಾವ್ ದಿಕ್ಕಿಗೋಯ್ತು, ಅಪ್ಪಣೆ ಕೊಡು" ಎಂದಳು ಅಜ್ಜಿ.

ಬುದ್ಧಿ ಇದ್ದವನು ಸುಮ್ಮನಿರುತ್ತಿದ್ದ. ನಾನು ನಂಜನ ತೋಳಿನಲ್ಲೇ ಕಣ್ಣು ಬಿಡದೆ, ದಪ್ಪ ದನಿಯಲ್ಲಿ, "ತೊಣ್ಣೂರು ಕೆರೆ ಕಡೆ" ಎಂದೆ. ಎಮ್ಮೆಗೆ ನೀರು ಬಿಟ್ಟರೆ ಬೇರೆ ಏನು ಬೇಕು? ಎಮ್ಮೆ ಅಲ್ಲೇ ಸಿಕ್ಕಿತು. ಆ ವಾರ ನಮ್ಮ ಮನೆ ಮುಂದೆ ಹುಡುಗಿಗೆ ಗಂಡು ಯಾವಾಗ ಬರ್ತದೆ, ಬೋರಿನಲ್ಲಿ ನೀರು ಬೀಳ್ತದಾ ಅಂತ ಕೇಳಲು ಜನ. ಅಪ್ಪನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ದೇವ್ರ ಎಸ್ರಲ್ಲಿ ಆಟ ಆಡ್ಬ್ಯಾಡ ಕಣ್ಲಾ" ಎಂದಷ್ಟೇ ಹೇಳಿದ. ಆ ಮಾತನ್ನು ಹೇಳುವಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಬೇರೆ ಥರದ ಸಮಸ್ಯೆ. ಕಾರ್ಯಕ್ರಮ ಇಟ್ಟುಕೊಂಡಿದ್ದ ಕಮಿಟಿಯವರು ಮೊದಲೇ ಕುಣಿತವನ್ನು ನೋಡಿ, ಗುಸುಗುಸು ಮಾತಾಡಿಕೊಂಡು, ಟೀಚರಮ್ಮನ ಹತ್ತಿರ ಬಂದರು. "ಮೇಡಂ, ಎಲ್ಲಾ ಚೆನ್ನಾಗದೆ. ಇಬ್ರಲ್ಲಿ ಒಬ್ಬನ್ಗೆ ಒಂದ್ ಸೀರೆ ಉಡ್ಸುಬುಡಿ. ರಾಧಾ ಕೃಷ್ಣ ಅಂತ ಮೈಕ್‌ನಾಗೆ ಯೋಳ್ಬುಡ್ತೀವಿ." ನಮ್ಮ ತಂಡಕ್ಕೆ ಆಗ ಪ್ರದರ್ಶನಗಳೇ ಸಿಗುತ್ತಿರಲಿಲ್ಲ. ಟೀಚರಮ್ಮ ತುಂಬಾ ಹೊತ್ತು ಯೋಚಿಸಿ, ಒಂದು ಸಲಕ್ಕೆ ಎಂದು ಒಪ್ಪಿದರು. ಕುಳ್ಳಗಿರುವ ನಂಜ ರಾಧೆಯಾಗಬೇಕಿತ್ತು. ಆದರೆ ಎತ್ತುವವನು ಅವನು, ರಾಧೆ ಕೃಷ್ಣನನ್ನು ಎತ್ತುವುದು ಹೇಗೆ? ಹಾಗಾಗಿ ನಾನು, ತಿರುವಿದ ಮೀಸೆಯ ಸಮೇತ, ರಾಧೆಯಾದೆ. ನೆರಿಗೆ ಸಿಕ್ಕಿಸಲು ಬಾರದೆ ಗೋಣಿದಾರದಲ್ಲಿ ಬಿಗಿದಿದ್ದೆ. ಅರ್ಧಕ್ಕೆ ದಾರ ಕಿತ್ತು, ಸೀರೆ ನಂಜನ ಕಾಲಿಗೆ ಸುತ್ತಿಕೊಂಡು, ಕೃಷ್ಣ ರಾಧೆಯ ಮೇಲೆಯೇ ಬಿದ್ದ. ಸಿಳ್ಳೆಯೋ ಸಿಳ್ಳೆ. ಅಷ್ಟು ಚಪ್ಪಾಳೆ ನಮಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ನಾನು ಕುಣಿದಾಡುತ್ತಾ ಊಟಕ್ಕೆ ಕೂತೆ. ನಂಜ ಎಲೆ ಮುಟ್ಟಲಿಲ್ಲ.

"ಏನ್ಲಾ, ಇಷ್ಟು ಜನ ಕುಸಿಯಾದ್ರು, ನೀನ್ಯಾಕೆ ಮೊಕ ಗಂಟಾಕಂಡಿದ್ದೀಯ?"

"ಅವ್ರು ಏನ್ ನೋಡುದ್ರು ಯೋಳು."

"ನಮ್ ಡ್ಯಾನ್ಸ್ ನೋಡುದ್ರು."

"ಸೀರೆ ನೋಡುದ್ರು. ನಾನ್ ನಿನ್ನ ಎತ್ಕಂಡಿದ್ದು ಒಬ್ನೂ ನೋಡ್ನಿಲ್ಲ." ಅವನು ಎಲೆಯನ್ನು ಪಕ್ಕಕ್ಕೆ ಸರಿಸಿದ. "ಸೀರೆ ಉಡೋರ್ನ ನಾನು ಏನೂ ಅನ್ನಲ್ಲ. ನಮ್ಮೂರ್ನಲ್ಲಿ ಒಬ್ರವ್ರೆ, ದಿನಾ ಉಡ್ತಾರೆ, ದಿನಾ ಬೈಸ್ಕತಾರೆ, ಆದ್ರೂ ಉಡ್ತಾರೆ. ಅದು ಅವ್ರ ಮೈ, ಅವ್ರ ಆಸೆ, ಅವ್ರ ಗುಂಡ್ಗೆ. ನಿಂದು ಅಂಗಲ್ಲ. ನೀನು ಕಮಿಟಿಯೋರ್ ಕಣ್ಣಿಗೆ ಪರದೆ ಕಟ್ದಂಗೆ ಉಟ್ಟೆ. ಇನ್ನೊಂದ್ ದಪ ನನ್ನ ಬಚ್ಚುಟ್ಟು ಕುಣಿಯೋದಾದ್ರೆ ನೀನೊಬ್ನೇ ಕುಣ್ಕೋ. ನಾನು ಬರಾಕಿಲ್ಲ. ಸ್ಟೇಜಿಗೂ ಬರಾಕಿಲ್ಲ, ನಿನ್ ತಾವ್ಕೂ ಬರಾಕಿಲ್ಲ."

ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ. "ಆಯ್ತು, ಇನ್ಮೇಲೆ ಬಚ್ಚಿಡಾಕಿಲ್ಲ" ಎಂದೆ.

ಹೇಳುವುದೇನೋ ಸುಲಭ. ಅದೇ ಹೊತ್ತಿಗೆ ಅಪ್ಪ ನನಗೆ ನಾಗಮಂಗಲದ ಕಡೆಯಿಂದ ಹೆಣ್ಣು ನೋಡಿದ್ದ. ನಾನು ಬೇಡವೆಂದೆ. ನಮ್ಮಲ್ಲಿ ಗಂಡು ಬೇಡ ಅಂದರೆ ನಾಚಿಕೆ ಅಂತ ಅರ್ಥ. ಮತ್ತೊಮ್ಮೆ ಬೇಡವೆಂದೆ. ತುಂಬಾ ನಾಚಿಕೆ ಅಂತ ತಿಳಿದರು. ಹುಡುಗಿಯ ಸೋದರಮಾವ ಬೋರೇಗೌಡರು ಎಂಬವರು, ನಾಗಮಂಗಲದಲ್ಲಿ ಒಂದು ಯುವಕ ಸಂಘದ ಅಧ್ಯಕ್ಷರು. ಆಗುವ ಅಳಿಯ ಡ್ಯಾನ್ಸ್ ಮಾಡುತ್ತಾನೆ ಎಂದು ಕೇಳಿ ಖುಷಿಯಾಗಿ, ತಮ್ಮ ಸಂಘದ ವಾರ್ಷಿಕೋತ್ಸವಕ್ಕೆ ನಮ್ಮ ತಂಡವನ್ನೇ ಕರೆಸಿಬಿಟ್ಟರು. ಅಪ್ಪನನ್ನೂ ಕರೆದರು. ಸಂಜೆಯಾದರೆ ಕರೆಂಟು ಹೋಗುತ್ತದೆಂದು ಕಾರ್ಯಕ್ರಮ ಮಧ್ಯಾಹ್ನಕ್ಕೇ ಇಟ್ಟರು. ಹೆಣ್ಣಿನ ಕಡೆಯವರೆಲ್ಲ ಮುಂದಿನ ಕುರ್ಚಿಯಲ್ಲಿ. ಅವರ ನಡುವೆ ನನ್ನ ಅಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಬೋರೇಗೌಡರು ಸ್ಟೇಜಿನ ಹಿಂದಕ್ಕೆ ಬಂದರು. ಒಳ್ಳೆಯ ಮನುಷ್ಯ, ಈಗಲೂ ಹಾಗೆಯೇ ಹೇಳುತ್ತೇನೆ. ನನ್ನ ಹೆಗಲ ಮೇಲೆ ಕೈ ಹಾಕಿ ಮೆತ್ತಗೆ ಹೇಳಿದರು.

"ನೋಡಿ ಅಳಿಯಂದ್ರೆ, ನೀವು ಮಾಡೋದ್ರಲ್ಲಿ ತಪ್ಪಿಲ್ಲ. ಕ್ಯಾರ್‌ಪೇಟೇಲಿ ಸೀರೆ ಉಟ್ಟು ಮಾಡಿದ್ರಂತೆ, ಬೊ ಚಂದಾಗಿತ್ತಂತೆ. ಇಲ್ಲೂ ಅಂಗೇ ಉಟ್ಕಳಿ. ಸೀರೆ ನಮ್ ಮನೇಲೇ ಅದೆ, ತರುಸ್ತೀನಿ."

"ಸೀರೆ ಉಡಾಕಿಲ್ಲ ಮಾವ."

"ಆಯ್ತು ಬುಡಿ. ಪಾಂಡಪುರದಲ್ಲಿ ದೇವ್ರು ಬಂದಿತ್ತಂತಲ್ಲ, ಅಂಗೆ ಬರ್ಲಿ. ತಮಟೆಯೋರ್ನ ಕರ್ಸಿವ್ನಿ, ಕರ್ಪೂರ ರೆಡಿ ಮಡಗಿವ್ನಿ. ಅವನು ನಿಮ್ಮನ್ನ ಎತ್ತುತಿದ್ದಂಗೆ ತಮಟೆ ಬಾರುಸ್ತಾರೆ, ಜನ ಕೈಮುಗೀತಾರೆ. ನಿಮ್ಗೂ ಮರ್ವಾದೆ, ನಮ್ಗೂ ಮರ್ವಾದೆ."

"ದೇವ್ರು ಬರ್ದೆ ಇದ್ರೆ?"

ಅವರು ಕೈ ತೆಗೆದರು. "ಸೀರೆನೂ ಇಲ್ದೆ ದೇವ್ರೂ ಇಲ್ದೆ ಗಂಡ್ಸು ಗಂಡ್ಸುನ್ನ ಎದೆಗಾಕ್ಕಂಡು ತಿರುಗುದ್ರೆ ಅದಕ್ಕೇನಂತಾರೆ ಅಳಿಯಂದ್ರೆ? ನೀವೇ ಯೋಳಿ."

ಯೋಚಿಸಿ ನೋಡಿ. ಸೀರೆ ಉಟ್ಟು ಬರುವ ಅಳಿಯ ಅವರಿಗೆ ಆಗುತ್ತಾನೆ. ಎಮ್ಮೆ ಹುಡುಕಿಕೊಡುವ ಅಳಿಯನೂ ಆಗುತ್ತಾನೆ. ನಾನು ನಾನಾಗಿ ಬಂದರೆ ಮಾತ್ರ ಆಗುವುದಿಲ್ಲ. ನಂಜ ಮೂಲೆಯಲ್ಲಿ ನಿಂತು ಅಂಗಾಲಿಗೆ ಮಣ್ಣು ಉಜ್ಜಿಕೊಳ್ಳುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ಟೀಚರಮ್ಮನನ್ನು ನೋಡಿದೆ. "ಈ ಸಲ ನಾನು ತೀರ್ಮಾನ ಮಾಡೋದಿಲ್ಲ. ಮೈ ನಿಮ್ಮದು" ಎಂದರು.

ನಾವು ಪಂಚೆಯನ್ನು ಮಂಡಿಯ ಮೇಲಕ್ಕೆ ಕಟ್ಟಿ, ಬರಿಮೈಯಲ್ಲಿ ಸ್ಟೇಜಿಗೆ ಹೋದೆವು.

ಕುಣಿತದ ಮೊದಲರ್ಧ ಜನ ನೋಡುತ್ತಾ ಕೂತಿದ್ದರು. ನಂಜ ನನಗೆ ಒರಗಿದ, ನಾನು ಅವನಿಗೆ ಒರಗಿದೆ. ಯಾರೋ, "ಕುಸ್ತಿ ಕಣ್ರಲಾ" ಎಂದರು, ನಗು ಬಂತು. ನಾನು ಓಡಿಬಂದು ಬಿದ್ದೆ. ನಂಜ ಎತ್ತಿದ. ತಕ್ಷಣ ತಮಟೆ ಶುರುವಾಯಿತು.

ಇಲ್ಲೊಂದು ವಿಷಯ ಹೇಳಬೇಕು. ಪೂಜೆ ಹೊತ್ತವನ ಮೈಗೆ ತಮಟೆ ಬಿದ್ದರೆ ಮೈ ತಲೆಯ ಮಾತು ಕೇಳುವುದಿಲ್ಲ. ನನ್ನ ಕತ್ತು ತಾನಾಗಿ ಸೆಟೆಯಿತು, ಹೆಗಲು ಅದುರಿತು. ಇನ್ನೆರಡು ಏಟು ಬಿದ್ದಿದ್ದರೆ ನಾನು ದೇವರಾಗಿಬಿಡುತ್ತಿದ್ದೆ. ಆಗಲೇ ಕರ್ಪೂರದ ತಟ್ಟೆ ಸ್ಟೇಜಿಗೆ ಬರುತ್ತಿತ್ತು, ಹೆಂಗಸರು ಎದ್ದು ಸೆರಗು ಹೊದೆಯುತ್ತಿದ್ದರು. ಎಲ್ಲರಿಗೂ ನೆಮ್ಮದಿಯಾಗುವ ದಾರಿ ಅದು. ನಂಜನ ತೋಳು ನನ್ನ ಕೆಳಗೆ ಸಡಿಲವಾಗುತ್ತಿರುವುದು ತಿಳಿಯಿತು. ಅವನು ನನ್ನನ್ನು ಇಳಿಸಲು ಹೊರಟಿದ್ದ.

ನಾನು ಕಣ್ಣು ಬಿಟ್ಟೆ. ಅವನ ಕತ್ತಿಗೆ ಕೈ ಹಾಕಿ ಹಿಡಿದುಕೊಂಡು ಹೇಳಿದೆ.

"ತಮಟೆ ನಿಲ್ಸಿ ಕಣ್ರಣ್ಣ. ದೇವ್ರು ಬಂದಿಲ್ಲ. ನಾನೇ ಇರೋದು. ಇವ್ನು ನಂಜ. ನಾವು ಕುಣೀತಿದ್ದೀವಿ, ಅಷ್ಟೇಯಾ."

ತಮಟೆ ಒಂದೊಂದಾಗಿ ನಿಂತಿತು. ಕರ್ಪೂರ ತಟ್ಟೆಯಲ್ಲೇ ಉರಿದುಹೋಯಿತು. ಹಿಂದಿನಿಂದ, "ಇಳ್ಸುಲಾ ಅವುನ್ನ" ಅಂತ ಒಬ್ಬ ಕೂಗಿದ. ಒಂದು ಚಪ್ಪಲಿ ಬಂತು. ನಂಜ ಮೂಟೆ ಹೊತ್ತವನು, ಚಪ್ಪಲಿಗೆ ನಿಲ್ಲುತ್ತಾನೆಯೇ? ಸ್ಟೇಜಿನ ಈ ತುದಿಯಿಂದ ಆ ತುದಿಗೆ, ಆಲೆಮನೆಯಲ್ಲಿ ನಡೆದಷ್ಟೇ ನಿಧಾನವಾಗಿ ನಡೆದ. ನಾನು ಮುಖ ಮುಚ್ಚಿಕೊಳ್ಳಲಿಲ್ಲ. ಮುಂದಿನ ಕುರ್ಚಿಯವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಅಪ್ಪನನ್ನೂ ನೋಡಿದೆ. ಅಪ್ಪನೂ ನೋಡುತ್ತಿದ್ದ. ಚಪ್ಪಾಳೆ ಬೀಳಲಿಲ್ಲ. ಅಷ್ಟು ಚೆನ್ನಾಗಿ ನಾವು ಇನ್ನೆಂದೂ ಕುಣಿಯಲಿಲ್ಲ.

ಸ್ಟೇಜಿನ ಹಿಂದೆ ಬೋರೇಗೌಡರು ಅಪ್ಪನನ್ನು ಕರೆತಂದಿದ್ದರು. ಅವರ ಕಡೆಯ ಹಿರಿಯರೂ ಇದ್ದರು. ಬೋರೇಗೌಡರು ಇನ್ನೂ ಸಂಬಂಧ ಉಳಿಸುವ ಪ್ರಯತ್ನದಲ್ಲೇ ಇದ್ದರು.

"ಭಾವ, ಒಂದ್ ಮಾತು. ನಿಮ್ ಮಗುನ್ಗೆ ದೇವ್ರು ಬಂದಿತ್ತು, ಬಾಯ್ತಪ್ಪಿ ಏನೋ ಅಂದ, ಅಂತ ನೀವು ಯೋಳ್ಬುಡಿ. ನಿಮ್ ಮಾತ್ನ ಎಲ್ರೂ ನಂಬ್ತಾರೆ. ಮಿಕ್ಕಿದ್ದು ನಾ ನೋಡ್ಕತೀನಿ."

ಆ ಒಂದು ಮಾತಿಗೆ ಮದುವೆ ಉಳಿಯುತ್ತಿತ್ತು, ಊರಲ್ಲಿ ಮಾನ ಉಳಿಯುತ್ತಿತ್ತು. ಹೇಳುತ್ತಾನೆ ಎಂದೇ ನಾನು ತಿಳಿದೆ. ಹೇಳಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ.

"ಬಂದಿರ್ನಿಲ್ಲ ಕನಪ್ಪ" ಎಂದ ಅಪ್ಪ. "ಇವನ್ಗೆ ಪೂಜೆ ಹೊರುಸ್ದಾಗ ನಾನೇ ಪಕ್ದಲ್ಲಿದ್ದೆ. ದೇವ್ರು ಬಂದ್ರೆ ಎಂಗಿರ್ತದೆ ಅಂತ ನಂಗೊತ್ತು. ಇವತ್ತು ಬಂದಿರ್ನಿಲ್ಲ. ಅಮ್ಮನ್ ಮೇಲೆ ಸುಳ್ಳು ಯೋಳಾಕಿಲ್ಲ."

ಸಂಬಂಧ ಅಲ್ಲಿಗೆ ಮುಗಿಯಿತು. ಆ ಹುಡುಗಿಗೆ ಒಳ್ಳೆಯದೇ ಆಯಿತು. ಅವಳಿಗೆ ಬೇಕಾದ ಗಂಡ ನಾನಾಗಿರಲು ಸಾಧ್ಯವೇ ಇರಲಿಲ್ಲ.

ನೀವು ತಪ್ಪು ತಿಳಿಯಬೇಡಿ. ಅಪ್ಪ ನನ್ನ ಪರ ವಹಿಸಲಿಲ್ಲ, ಅಮ್ಮನ ಪರ ವಹಿಸಿದ್ದು. ಮೈಸೂರು ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕೂತ, ನಾನೂ ನಂಜನೂ ಹಿಂದಿನ ಸೀಟಿನಲ್ಲಿ, ಟೀಚರಮ್ಮ ಡ್ರೈವರ್ ಹತ್ತಿರ. ನಮ್ಮಲ್ಲಿ ಜೊತೆಯಲ್ಲಿ ಬಂದವರ ಟಿಕೆಟ್ಟನ್ನೆಲ್ಲ ಹಿರಿಯರೇ ತೆಗೆಯುತ್ತಾರೆ. ಕಂಡಕ್ಟರು ಬಂದಾಗ ಅಪ್ಪ, "ಪಾಂಡಪುರ, ಒಂದು" ಎಂದ.

ಕಂಡಕ್ಟರು ನಮ್ಮನ್ನು ನೋಡಿದ. ಅವ್ವ ಮನೆಯಲ್ಲಿ ಕಾಯುತ್ತಿದ್ದಳು. ನಾನೂ "ಪಾಂಡಪುರ" ಎನ್ನಬಹುದಿತ್ತು. ಅಪ್ಪನ ಹಿಂದೆ ಇಳಿದು, ತಲೆ ತಗ್ಗಿಸಿ ನಡೆದರೆ, ಕಾಲ ಕಳೆದ ಮೇಲೆ ಎಲ್ಲ ಮರೆತ ಹಾಗೆ ಇರುತ್ತಿತ್ತು.

"ಶ್ರೀರಂಗಪಟ್ಣ, ಎರಡು" ಎಂದೆ.

ಅಪ್ಪ ತಿರುಗಿ ನೋಡಲಿಲ್ಲ. ಪಾಂಡವಪುರ ಬಂತು. ಎದ್ದು, ಕಂಬಿ ಹಿಡಿದುಕೊಂಡು, ಬಾಗಿಲ ಕಡೆ ನಡೆದವನು ನಮ್ಮ ಸೀಟಿನ ಹತ್ತಿರ ನಿಂತ. ನನ್ನ ಹತ್ತಿರ ಅಲ್ಲ, ನಂಜನ ಹತ್ತಿರ.

"ನೋಡಪ್ಪ. ಚಿಕ್ಕೋನಿದ್ದಾಗ ಇವನ್ಗೆ ಎತ್ತು ಒದ್ದಿತ್ತು. ಎಡಗಡೆ ಪಕ್ಕೆ ಮುರ್ದಿತ್ತು, ಸರ್ಯಾಗಿ ಕೂಡ್ಕಂಡಿಲ್ಲ. ನೀನು ಅಲ್ಲೇ ಕೈ ಕೊಟ್ಟು ಎತ್ತುತಿದ್ದೀಯ. ಬಲಗಡೆ ಕೊಡು."

ಇಳಿದುಹೋದ. ಆಮೇಲೆ ಬಹಳ ಕಾಲ ಅಪ್ಪನಿಗೂ ನನಗೂ ಮಾತಿರಲಿಲ್ಲ.

ಬಸ್ಸು ಹೊರಟು ಸ್ವಲ್ಪ ದೂರ ಬಂದ ಮೇಲೆ ನಂಜ ನನ್ನ ಪಕ್ಕೆಯನ್ನು ಮೆಲ್ಲಗೆ ಮುಟ್ಟಿ ನೋಡಿದ.

"ನೋಯ್ತಿತ್ತೇನ್ಲಾ?"

"ಜೀವ ಓಯ್ತಿತ್ತು."

"ಇಷ್ಟು ದಿನ ಎತ್ತಿವ್ನಿ. ಯಾಕ್ಲಾ ಬಾಯಿ ಬುಡ್ನಿಲ್ಲ?"

"ಗಂಡ್ಸಲ್ವೇನ್ಲಾ ನಾನು" ಎಂದೆ.

ಅವನು ನಕ್ಕ ನಗುವಿಗೆ ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಾನು ಅವನ ಹೆಗಲಿಗೆ ತಲೆ ಇಟ್ಟೆ. ಮಾರನೇ ದಿನ ಬೆಳಿಗ್ಗೆ ಆಲೆಮನೆಯಲ್ಲಿ ಬಲಗಡೆಯಿಂದ ಎತ್ತುವುದನ್ನು ಮೊದಲಿನಿಂದ ಕಲಿಯಲು ಶುರುಮಾಡಿದೆವು.